ಹಾಗಲಕಾಯಿ ಕೇಳುತ್ತಾ ಕಲಿತ ಡಚ್

ಸಂಸಾರ ಸಮೇತ ನೆದರ್ಲೆಂಡ್ಸ್‌ನ ದಿ ಹೇಗ್ ನಗರಕ್ಕೆ ಬಂದಾಗ ಕೈಯಲ್ಲೊಂದು ಡಚ್ ಪಠ್ಯಪುಸ್ತಕವಿತ್ತು. ಮೊದಲ ಪಾಠವೇ ಹೋಟೆಲ್ ಕೋಣೆ ಕಾದಿರಿಸುವುದು. ನನಗೆ ಬೇಕಿದ್ದದ್ದು ಈರುಳ್ಳಿ, ಮಜ್ಜಿಗೆ, ಮಗಳ ಶಾಲೆಯ ಸಮಾಚಾರ. ಪುಸ್ತಕ ಮುಚ್ಚಿಟ್ಟು ಸಂತೆಗೆ ಹೊರಟೆ.

ಹಾಖ್ಸೆ ಮಾರ್ಕ್ಟ್ ಎಂಬ ಬಯಲು ಮಾರುಕಟ್ಟೆ ಸೋಮ, ಬುಧ, ಶುಕ್ರ, ಶನಿವಾರ ನೆರೆಯುತ್ತದೆ. ಈ ಊರಿನಲ್ಲಿ, ದಕ್ಷಿಣ ಅಮೆರಿಕದಲ್ಲಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನ ಹಿಂದೂಸ್ತಾನಿಗಳು ಬಹಳ. 1873ರಿಂದ ಭಾರತದಿಂದ ಅಲ್ಲಿನ ತೋಟಗಳಿಗೆ ಕೂಲಿಗೆ ಹೋದವರ ವಂಶದವರು. ಅವರಿಂದಾಗಿ ಹಾಗಲಕಾಯಿಗೆ ಇಲ್ಲಿ ಸೊಪ್ರೊಪೊ ಎಂಬ ಹೆಸರು, ಮಾರುದ್ದದ ಅಲಸಂದೆಗೆ ಕೌಸೆನ್‌ಬಂಟ್. ನನ್ನ ಪುಸ್ತಕದಲ್ಲಿ ಎರಡೂ ಇರಲಿಲ್ಲ! ತೂಕದ ಮಾತನ್ನೂ ಅಲ್ಲೇ ಕಲಿತೆ: ಓನ್ಸ್ ಎಂದರೆ 100 ಗ್ರಾಂ, ಪೋಂಟ್ ಎಂದರೆ ಅರ್ಧ ಕಿಲೊ. ಮಜ್ಜಿಗೆಗೆ ಕಾರ್ನೆಮೆಲ್ಕ್ ಕೇಳಬೇಕು. ನೀರು ಬೆರೆಸಿ ಇಂಗಿನ ಒಗ್ಗರಣೆ ಕೊಟ್ಟರೆ ನಡೆಯುತ್ತದೆ.

ಕಷ್ಟವೆನಿಸಿದ್ದು ಸಂಖ್ಯೆಗಳು. ಡಚ್ಚರು 24 ಅನ್ನು ನಾಲ್ಕು ಮೊದಲು, ಇಪ್ಪತ್ತು ಆಮೇಲೆ ಹೇಳುತ್ತಾರೆ. ಅಂಗಡಿಯ ಬಿಲ್ಲುಗಳನ್ನು ಎಸೆಯದೆ, ಅಡುಗೆ ಮಾಡುತ್ತಾ ಒಂದೊಂದು ಮೊತ್ತವನ್ನೂ ಗಟ್ಟಿಯಾಗಿ ಓದುವುದನ್ನು ರೂಢಿಸಿಕೊಂಡೆ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ. ಗಡಿಯಾರದ ತಂಟೆ ಇನ್ನೂ ದೊಡ್ಡದು. ‘ಹಾಲ್ಫ್ ದ್ರಿ’ ಎಂದರೆ ಕನ್ನಡದ ಕಿವಿಗೆ ಮೂರೂವರೆ. ನಿಜವಾಗಿ ಅದು ಎರಡೂವರೆ. ಶಾಲೆಯ ಯುಫ್, ಅಂದರೆ ಟೀಚರ್, ಸಮಯ ಹೇಳಿದಾಗಲೆಲ್ಲ ನಾನು ಮೊಬೈಲಿನಲ್ಲಿ 14.30 ಎಂದು ಒತ್ತಿ ತೋರಿಸಿ ಖಚಿತ ಮಾಡಿಕೊಳ್ಳುತ್ತಿದ್ದೆ. ಅವರು ಬೇಸರಿಸಿದ್ದೇ ಇಲ್ಲ.

ಇನ್ನೊಂದು ವಿಚಿತ್ರ ತೊಡಕು: ನಾವು ತಡವರಿಸಿದ ಕೂಡಲೇ ಎದುರಿನವರು ಸಲೀಸಾಗಿ ಇಂಗ್ಲಿಷಿಗೆ ತಿರುಗುತ್ತಾರೆ. ಉಪಕಾರವೇ ಸರಿ, ಆದರೆ ಕಲಿಯುವವರಿಗೆ ಕುತ್ತು. ಅದಕ್ಕೆ ‘ಇಕ್ ವಿಲ್ ಖ್ರಾಖ್ ನೇಡರ್ಲಂಡ್ಸ್ ಊಫೆನೆನ್’ ಎಂದು ಬಾಯಿಪಾಠ ಮಾಡಿದೆ. ಡಚ್ ಅಭ್ಯಾಸ ಮಾಡುವ ಆಸೆ ಎಂದರ್ಥ. ಹಾಗೆಂದರೆ ಬಹಳಷ್ಟು ಜನ ನಿಧಾನಿಸುತ್ತಾರೆ. ಮಗಳು ಮಾತ್ರ ನಿಧಾನಿಸುವುದಿಲ್ಲ: “ಅಮ್ಮಾ, ಅದು ನಮ್ಮ ಖ ಅಲ್ಲ, ಗಂಟಲು ಕೆರೆಯಬೇಕು” ಎಂದು ಬೀದಿಯಲ್ಲೇ ತಿದ್ದುತ್ತಾಳೆ.

ಫೋನಿನಲ್ಲಿ ಡಚ್ ಇನ್ನೂ ಕೈಗೆಟುಕಿಲ್ಲ. ಮುಖ ಕಾಣದು, ತೋರಿಸಲು ಬೆರಳಿಗೂ ಕೆಲಸವಿಲ್ಲ. ವೈದ್ಯರ ಭೇಟಿಗೆ ಸಮಯ ಕೇಳುವಾಗ ನಾನೇ ಮೊದಲು ಇಂಗ್ಲಿಷ್ ಶುರುಮಾಡುತ್ತೇನೆ.