ಅಂಕಪಟ್ಟಿ ಪಕ್ಕಕ್ಕಿಡಿ, ಉತ್ತರ ಪತ್ರಿಕೆ ಬಿಚ್ಚಿ
ಪ್ರೌಢಶಾಲೆಯ ಶಿಕ್ಷಕರು ಒಟ್ಟಾಗಿ ಕಲಿಯುವಂತೆ ಮಾಡುವುದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯಾಗಲಿ ಇನ್ನೊಂದಾಗಲಿ, ಪ್ರೌಢಶಾಲೆಯ ಸ್ಟಾಫ್ ಮೀಟಿಂಗ್ ಹೆಚ್ಚಾಗಿ ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ. ಉಳಿದ ಸಮಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತಿಗೆ. ಮಕ್ಕಳು ಎಲ್ಲಿ ಎಡವುತ್ತಿದ್ದಾರೆ ಎಂಬುದು ಚರ್ಚೆಗೇ ಬರುವುದಿಲ್ಲ. ಇದನ್ನು ಬದಲಿಸಲು ಮುಖ್ಯ ಶಿಕ್ಷಕರು (ಎಚ್ಎಂ) ಯಾವ ಅನುದಾನಕ್ಕೂ ಕಾಯಬೇಕಿಲ್ಲ.

ಮುಖ್ಯ ಶಿಕ್ಷಕರೇ, ಮೊದಲು ನಿಮ್ಮ ತರಗತಿಯ ಬಾಗಿಲು ತೆರೆಯಿರಿ. ನೀವು ಪಾಠ ಮಾಡುವಾಗ ಸಹಶಿಕ್ಷಕರನ್ನು ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. ಮಕ್ಕಳಿಗೆ ಎಲ್ಲಿ ಅರ್ಥವಾಗಲಿಲ್ಲ ಎಂದು ಅವರನ್ನು ಕೇಳಿ. ಸಮಜಾಯಿಷಿ ಕೊಡದೆ ಸುಮ್ನೆ ಬರೆದುಕೊಳ್ಳಿ. ಎಚ್ಎಂ ಅವರೇ ಕೇಳಿಸಿಕೊಳ್ಳದಿದ್ದರೆ ಬೇರೆ ಯಾರು ಬಾಯಿ ಬಿಡುತ್ತಾರೆ?

ಆಮೇಲೆ ತಿಂಗಳಿಗೆ ಎರಡು ಸಲ ಒಂದೊಂದು ಗಂಟೆಯನ್ನು ಮಕ್ಕಳು ಎಲ್ಲಿ ಎಡವುತ್ತಿದ್ದಾರೆ ಎಂಬ ಚರ್ಚೆಗೇ ಮೀಸಲಿಡಿ. ಅತಿಥಿ ಶಿಕ್ಷಕರನ್ನೂ ಕರೆಯಿರಿ. ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನ (ಎಫ್ಎ-1) ಮುಗಿದಿದ್ದರೆ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಜಾಸ್ತಿ ಮಕ್ಕಳು ತಪ್ಪಿದ ಒಂದೇ ಪ್ರಶ್ನೆ ಆರಿಸಿ.

ಹತ್ತನೇ ತರಗತಿಯ ರೇಖಾತ್ಮಕ ಸಮೀಕರಣವನ್ನೇ ನೋಡಿ. ಸಮೀಕರಣ ಬರೆದು ಕೊಟ್ಟರೆ ಚಕಚಕನೆ ಬಿಡಿಸುವ ಹುಡುಗಿ, 'ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಕ್ಕಿಂತ ಐದು ಕಡಿಮೆ' ಎಂದು ಕೊಟ್ಟರೆ ಖಾಲಿ ಬಿಡುತ್ತಾಳೆ. ಅವಳು ಎಡವಿದ್ದು ಆ ವಾಕ್ಯದಲ್ಲಿ. ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಈ ತೊಡಕು ಗಣಿತದ ಮೇಷ್ಟ್ರಿಗಿಂತ ಮೊದಲು ಕನ್ನಡ ಮೇಡಂಗೆ ಹೊಳೆಯಬಹುದು, ಅಲ್ವಾ? ಅದಕ್ಕೇ ಎಲ್ಲ ವಿಷಯದವರೂ ಕೂರಬೇಕು.

ಹಾಜರಿ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವಾಗ ಎಲ್ಲರ ಕೈಯೂ ಬೇಕು. ಒಂದು ಬೆಳೆಗೆ ಸುಮಾರು ಒಂದು ತಿಂಗಳು ಹಿಡಿಯುವುದರಿಂದ ಆ ದಿನಗಳನ್ನು ಮೊದಲೇ ಅಂದಾಜಿಸಬಹುದು. ಮಗುವನ್ನು ಬೈಯುವ ಬದಲು, ಆಗ ತಪ್ಪಿದ ಪಾಠವನ್ನು ಯಾರು, ಯಾವಾಗ ಮತ್ತೆ ಹೇಳಿಕೊಡುತ್ತೀರಿ ಎಂದು ಅಲ್ಲೇ ತೀರ್ಮಾನಿಸಿ.

ಈಗ ಆರಿಸಿದ ಪ್ರಶ್ನೆಗೆ ಸಂಬಂಧಿಸಿದ ಪಾಠವನ್ನು ಎಲ್ಲರೂ ಸೇರಿ ಯೋಜಿಸಿ. ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದಿರುವ 'ಜುಗ್ಯೋ ಕೆಂಕ್ಯೂ' (ಪಾಠದ ಅಧ್ಯಯನ) ಪದ್ಧತಿ ಇದೇ. ಒಬ್ಬರು ಪಾಠ ಮಾಡಲಿ, ಬಿಡುವಿರುವ ಇಬ್ಬರು ಶಿಕ್ಷಕರು ಮಕ್ಕಳನ್ನು ಗಮನಿಸಲಿ. ಯಾವ ಮಗು ಯಾವ ಹಂತದಲ್ಲಿ ಪೆನ್ನು ಕೆಳಗಿಟ್ಟಿತು ಎಂಬುದಷ್ಟನ್ನೇ ಗುರುತು ಹಾಕಿಕೊಳ್ಳಲಿ. ಒಂದು ಮಾತು ಒತ್ತಿ ಹೇಳುತ್ತೇನೆ: ಅಲ್ಲಿ ಕಂಡದ್ದು ಯಾವ ಕಾರಣಕ್ಕೂ ಶಿಕ್ಷಕರ ಮೇಲಿನ ವರದಿಯಾಗಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಬಾರದು. ಒಮ್ಮೆ ಹಾಗಾದರೆ ಮತ್ತೆ ಯಾರೂ ತಮ್ಮ ತರಗತಿಗೆ ಇನ್ನೊಬ್ಬರನ್ನು ಬಿಟ್ಟುಕೊಳ್ಳುವುದಿಲ್ಲ.

ಗಮನಿಸಿದ್ದನ್ನು ನೋಡಿ ತಿದ್ದಿದ ಪಾಠವನ್ನು ಒಂದು ಪುಟದಲ್ಲಿ ಬರೆದು ಶಾಲೆಯಲ್ಲೇ ಇಡಿ. ವರ್ಗಾವಣೆಯಾಗಿ ಮೇಷ್ಟ್ರು ಹೋದರೂ ಹೊಸಬರಿಗೆ ಅದು ಸಿಗಬೇಕು. ಎಫ್ಎ-2ರಲ್ಲಿ ಅದೇ ಬಗೆಯ ಪ್ರಶ್ನೆ ಕೊಟ್ಟು ನೋಡಿ. ಮಕ್ಕಳು ಮತ್ತೆ ತಪ್ಪಿದರೆ ಮುಂದಿನ ಸಭೆಯನ್ನು ಅದೇ ಪುಟದಿಂದ ಶುರು ಮಾಡಿ.