ಪದ್ಮಿನಿಯ ತುಕ್ಕು ಕೊನೆಗೂ ಬಿಟ್ಟಿದ್ದು ಸೋಡಾ ಬಕೆಟ್‌ನಲ್ಲಿ

"ನೀರಿಂದಲೇ ತುಕ್ಕು ಹಿಡೀತದೆ, ನೀವು ನೀರಲ್ಲೇ ಇಟ್ಟು ತೆಗೀತೀರಾ ಮಾರಾಯ್ರೇ?" ಅಂತ ನಮ್ಮ ಕಾರವಾರದ ಕೋಡಿಬಾಗದ ಗಾಡಿ ಮೇಸ್ತ್ರಿ ನಕ್ಕಿದ್ದರು. ಈಗ ಅವರ ಗಿರಾಕಿಗಳ ಬ್ರಾಕೆಟ್ಟು, ಕ್ಲ್ಯಾಂಪು ನನ್ನ ಬಕೆಟ್‌ಗೆ ಬರುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹಳೆ ಪ್ರೀಮಿಯರ್ ಪದ್ಮಿನಿ. ಕಾರವಾರದ ಉಪ್ಪು ಗಾಳಿ ತಿಂದ ಗಾಡಿ ಅಂದರೆ ಗೊತ್ತಲ್ವಾ. ಬಾಡಿಯ ಸುದ್ದಿ ಬೇಡ. ಬಾಗಿಲ ಕೀಲು, ಬಾನೆಟ್ ಲಾಕ್, ಹಾರ್ನ್ ಬ್ರಾಕೆಟ್, ಇಂಥ ಸಣ್ಣ ಸಾಮಾನಿನ ಮಾತು ಮಾತ್ರ.

ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಉಜ್ಜಿದರೆ ಮೇಲೆ ಫಳಫಳ, ಮೂಲೆಯಲ್ಲಿ ತುಕ್ಕು ಹಾಗೇ. ಬ್ರಶ್‌ಗೆ ಸುಮಾರು 150 ರೂಪಾಯಿ, ಅದೂ ಬೇಗ ಬೋಳಾಗುತ್ತದೆ. ಟಾಯ್ಲೆಟ್ ಆಸಿಡ್ ತುಕ್ಕನ್ನು ಬೇಗ ತಿಂದಿತು ನಿಜ, ಆದರೆ ಅದರ ಹೊಗೆಗೆ ಶೆಡ್‌ನಲ್ಲಿ ನೇತುಹಾಕಿದ್ದ ಸ್ಪ್ಯಾನರ್‌ಗಳಿಗೆಲ್ಲ ತುಕ್ಕು ಬಂತು, ಬಣ್ಣ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಗೋವಾದಲ್ಲಿ ಒಂದು ಕಡೆ ಸ್ಯಾಂಡ್ ಬ್ಲಾಸ್ಟಿಂಗ್‌ಗೆ, ಅಂದರೆ ಮರಳು ಊದಿ ಕೆರೆಸಲು ಕೊಟ್ಟೆ. ಪೆಟ್ರೋಲ್ ಸೇರಿ ಹತ್ತಿರ 3,000 ಹೋಯಿತು. ತೆಳು ತಗಡಿನ ಬ್ರಾಕೆಟ್ ಸೊಟ್ಟಗಾಗಿತ್ತು. ಮಳೆಗಾಲ ಬೇರೆ. ಅಲ್ಲಿಂದ ಬೆಳ್ಳಗೆ ಹೊರಟ ಸಾಮಾನು ಕಾಳಿ ಸೇತುವೆ ದಾಟುವಷ್ಟರಲ್ಲಿ ಕೆಂಪಗಾಗಲು ಶುರುವಾಗಿತ್ತು.

ಈಗ ನಾನು ಮಾಡುವುದು ಎರಡು ಬಕೆಟ್ ಕೆಲಸ. ಮೊದಲನೆಯದು ಬಣ್ಣಕ್ಕೆ, ಕಾಸ್ಟಿಕ್ ಸೋಡಾ. ಇಲ್ಲೇ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಮಾಡುವ ಫ್ಯಾಕ್ಟರಿಯೇ ಇದೆ, ಆದರೆ ನಮಗೆ ಒಂದು ಕಿಲೋ ಬೇಕೆಂದರೆ ಅಂಗಡಿಯೇ ಗತಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಹಳೆ ಎನಾಮಲ್ ಸುಕ್ಕುಗಟ್ಟಿ ಸಿಪ್ಪೆಯ ಹಾಗೆ ಬರುತ್ತದೆ. ಯಾರಾದರೂ ಮೇಲೆ ಎಪಾಕ್ಸಿ ಬಣ್ಣ ಹೊಡೆದಿದ್ದರೆ ಜಗ್ಗುವುದಿಲ್ಲ, ಅದನ್ನು ಕೆರೆಯಲೇಬೇಕು. ಅಲ್ಯುಮಿನಿಯಂ ಸಾಮಾನು, ಕ್ರೋಮ್ ಹಚ್ಚಿದ ಮಜಾಕ್ (ಸತುವಿನ ಮಿಶ್ರಲೋಹ) ಹಿಡಿಕೆ ಇದರ ಹತ್ತಿರವೂ ಬರಬಾರದು, ಕರಗುತ್ತವೆ.

ಚೆನ್ನಾಗಿ ತೊಳೆದು ಎರಡನೇ ಬಕೆಟ್. ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ, ಸಾಮಾನಿಗೆ ಬ್ಯಾಟರಿ ಚಾರ್ಜರ್‌ನ ನೆಗೆಟಿವ್, ಸುತ್ತ ನಿಲ್ಲಿಸಿದ ಕಬ್ಬಿಣದ ಸರಳಿಗೆ ಪಾಸಿಟಿವ್. ನೀರಿನ ಮೂಲಕ ಕರೆಂಟ್ ಹರಿದರೆ ಸಾಮಾನಿನ ತುಕ್ಕು ಸಡಿಲಾಗಿ ಬಿಡುತ್ತದೆ, ಎಲೆಕ್ಟ್ರಾಲಿಸಿಸ್ ಅನ್ನುವುದು ಇದಕ್ಕೇ. ಬಣ್ಣ ದಪ್ಪಗೆ ಉಳಿದಿದ್ದರೆ ಕರೆಂಟ್ ಹರಿಯುವುದಿಲ್ಲ, "ಇದೆಲ್ಲ ಸುಳ್ಳು" ಅಂತ ಕೈಬಿಟ್ಟವರಲ್ಲಿ ಅರ್ಧ ಜನ ಸೋತಿದ್ದು ಅಲ್ಲೇ. ಇನ್ನರ್ಧ ಜನ ಹೊಸ ಆಟೋಮ್ಯಾಟಿಕ್ ಚಾರ್ಜರ್ ಹಾಕಿದವರು. ಅದು ಬ್ಯಾಟರಿ ಕಾಣದೆ ಚಾಲೂ ಆಗುವುದೇ ಇಲ್ಲ. ನನಗೆ ಸಿಕ್ಕಿದ್ದು ಬೈತಖೋಲ ಬಂದರಿನಲ್ಲಿ ಬೋಟಿನವರೊಬ್ಬರು ಮೂಲೆಗೆ ಹಾಕಿದ್ದ 12 ವೋಲ್ಟಿನ ಹಳೆ ಟ್ರಾನ್ಸ್‌ಫಾರ್ಮರ್ ಚಾರ್ಜರ್, 700ಕ್ಕೋ 800ಕ್ಕೋ. ಎರಡು ಮೂರು ಆಂಪಿಯರ್ ಸಾಕು. ಗುಜರಿಯ ಸರಳು ತಂದರೆ ಆಯಿತು, ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಕರೆಂಟ್ ಏರಲಿ ಅಂತ ಉಪ್ಪು ಹಾಕುವ ಬುದ್ಧಿವಂತರೂ ಇದ್ದಾರೆ. ಕ್ಲೋರಿನ್ ಕುಡಿಯುವ ಆಸೆ ಇದ್ದರೆ ಹಾಕಿ. ಬರುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಾಗಿಲು ತೆರೆದಿಡಿ, ಬೀಡಿ ಹೊರಗಡೆ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಕೀಳಬೇಡಿ. ಸ್ಪ್ರಿಂಗು, ಹೈಟೆನ್ಸಿಲ್ (ಗಟ್ಟಿ ಉಕ್ಕಿನ) ಬೋಲ್ಟು ಇದರಲ್ಲಿ ಹಾಕುವುದಿಲ್ಲ, ಹೈಡ್ರೋಜನ್ ಒಳಗೆ ಸೇರಿ ಪಟ್ ಅಂತ ಮುರಿಯಬಹುದು.

ಸಂಜೆ ಹಾಕಿದ್ದನ್ನು ಬೆಳಿಗ್ಗೆ ತೆಗೆದರೆ ಮೈಯೆಲ್ಲ ಕಪ್ಪು ಮಸಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್‌ನಲ್ಲಿ ಉಜ್ಜಿದರೆ ಬೂದು ಕಬ್ಬಿಣ ಕಾಣುತ್ತದೆ, ಫ್ಯಾಕ್ಟರಿಯ ಅಚ್ಚಿನ ಅಂಕಿ ಸಮೇತ. ಮೇಸ್ತ್ರಿ ಆ ಅಂಕಿ ಓದಿ ಸುಮ್ಮನಾದರು.

ಎರಡು ತಗಡು ಜೋಡಿಸಿದ ಸಂದಿಗೆ ಮಾತ್ರ ಈ ಕರೆಂಟ್ ಇಳಿಯುವುದಿಲ್ಲ. ಅದಕ್ಕೆ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ ಹಾಕಿ ನೋಡಿದೆ. ಹೊರದೇಶದವರು ತುಕ್ಕು ತೆಗೆಯಲು ಮೊಲಾಸಿಸ್ (ಕಾಕಂಬಿ) ಹಾಕುತ್ತಾರಲ್ಲ, ನಮ್ಮದು ಅದರ ಅಣ್ಣನೇ ಅಂತ ಲೆಕ್ಕ. ಶಿರಸಿಯ ಭಾವ ಆಲೆಮನೆಯ ಹುಳಿ ಬಂದ ಒಂದು ಡಬ್ಬ ಕೊಟ್ಟರು, "ದೋಸೆಗೆ ಕೇಳ್ತೀಯ ಅಂದ್ಕೊಂಡಿದ್ದೆ" ಅಂದರು. ಒಂದಕ್ಕೆ ಒಂಬತ್ತು ಪಾಲು ನೀರು. ವಾರಗಟ್ಟಲೆ ಬೇಕು, ನೊರೆ, ವಾಸನೆ, ಇರುವೆ ಎಲ್ಲ ಬಂದವು, ಆದರೆ ಸಂದಿಯ ತುಕ್ಕು ಹೋಯಿತು. ಒಳ್ಳೆ ಬೆಲ್ಲ ಹಾಕಿದರೆ ದುಡ್ಡು ದಂಡ. ಮುರುಗಲ (ಕೋಕಂ) ಸಿಪ್ಪೆಯ ನೀರೂ ನೋಡಿದೆ, ಕಬ್ಬಿಣ ಕಪ್ಪಾಯಿತು, ಹಿತ್ತಾಳೆ ನಟ್ಟು ಮಾತ್ರ ಚಿನ್ನದಂತಾಯಿತು.

ಕರಾವಳಿಯಲ್ಲಿ ನಿಜವಾದ ಆಟ ಬಕೆಟ್‌ನಿಂದ ತೆಗೆದ ಮೇಲಿನ ಅರ್ಧ ಗಂಟೆ. ಕುದಿಯುವ ನೀರಲ್ಲಿ ಅದ್ದುತ್ತೇನೆ, ಸಾಮಾನು ತನ್ನ ಬಿಸಿಗೇ ಒಣಗುತ್ತದೆ, ಆರಿದ ಕೂಡಲೇ ಪ್ರೈಮರ್. ಆ ನೀರಿಗೆ ಇನ್ನೊಂದು ವಸ್ತು ಬೀಳುತ್ತದೆ, ಅದನ್ನು ಮೇಸ್ತ್ರಿಗೂ ಹೇಳಿಲ್ಲ.

ಚಾರ್ಜರ್, ಬಕೆಟ್, ಸೋಡಾ, ಸರಳು ಎಲ್ಲ ಸೇರಿ 1,500 ದಾಟಿಲ್ಲ. ವಾಷಿಂಗ್ ಸೋಡಾ ನೀರು ಚೆಲ್ಲಬೇಡಿ, ತಿಂಗಳುಗಟ್ಟಲೆ ನಡೆಯುತ್ತದೆ. ಸರಳಿಗೆ ಕೆಸರು ಮೆತ್ತಿದರೆ ಕೆರೆದು ಮತ್ತೆ ನಿಲ್ಲಿಸಿ, ತೀರಾ ಸಣಕಲಾದರೆ ಬದಲಿಸಿ.