ಮೈಲುತುತ್ತದ ಡ್ರಮ್ ತೊಳೆದ ನೀರನ್ನು ಏನು ಮಾಡಬೇಕು?

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲ ಬಂತೆಂದರೆ ಕೊಳೆ ರೋಗಕ್ಕೆ ಔಷಧಿ ಹೊಡೆಯಲೇಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಆ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವೇ ಇದೆ. ಡ್ರಮ್ ತೊಳೆದ ನೀರನ್ನು ವರ್ಷಗಟ್ಟಲೆ ಬಸಿಗಾಲುವೆಗೆ ಚೆಲ್ಲಿದವನು ನಾನು. ಒಂದು ಆಷಾಢದಲ್ಲಿ ಕಾಲುವೆಯ ಗೊದಮೊಟ್ಟೆಗಳೆಲ್ಲ ಸತ್ತು ತೇಲುತ್ತಿದ್ದವು. ಆಮೇಲೆ ಚೆಲ್ಲಲು ಕೈ ಬರಲಿಲ್ಲ.

ಮೊದಲ ಸಲ ತೊಳೆದ ನೀರನ್ನು ಚೆಲ್ಲಲೇಬೇಡಿ, ಮುಂದಿನ ಡ್ರಮ್ಮಿಗೆ ಮೈಲುತುತ್ತ ಕರಗಿಸಲು ಬಳಸಿ. ಎರಡನೆಯದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಡಿ. ತಳದಲ್ಲಿ ನೀಲಿ ಗಸಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಇದ್ದಿಲಿನ ಮೂಲಕ ಇಳಿಸಬೇಕು, ಅದರಲ್ಲಿ ಉಳಿದ ತಾಮ್ರ ಇದ್ದಿಲಿಗೆ ಅಂಟುತ್ತದೆ.

ಇದ್ದಿಲಿಗೆ ಅಡಿಕೆ ಸಿಪ್ಪೆ ಸಾಕು. ಹಳೆ ಡ್ರಮ್ಮಿನಲ್ಲಿ ತುಂಬಿ, ಬೆಂಕಿ ಹಿಡಿದ ಮೇಲೆ ಮುಚ್ಚಳ ಹಾಕಿ ಗಾಳಿ ಕಟ್ಟಬೇಕು, ಇಲ್ಲದಿದ್ದರೆ ಸಿಗುವುದು ಬರೀ ಬೂದಿ. ಪುಡಿ ಮಾಡಿ, ಬೂದಿ ಹೋಗುವವರೆಗೆ ತೊಳೆಯಿರಿ. ಬೂದಿಯ ಕ್ಷಾರ ಉಳಿದರೆ ತಾಮ್ರ ಗಸಿಯಾಗಿ ಕೂತು ಬಕೆಟ್ಟು ಕಟ್ಟಿಕೊಳ್ಳುತ್ತದೆ. ತೂತು ಹಾಕಿದ ಬಕೆಟ್ಟಿಗೆ ಬಟ್ಟೆ, ಮರಳು, ಒಂದು ಅಡಿ ಇದ್ದಿಲು, ಮೇಲೆ ಮತ್ತೆ ಮರಳು. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5ರಿಂದ 6 ಇರಲಿ. ಹುಳಿ ಹೆಚ್ಚಾದರೆ ತಾಮ್ರ ಇದ್ದಿಲಿಗೆ ಅಂಟುವುದಿಲ್ಲ. ಹನಿಹನಿಯಾಗಿಯೇ ಇಳಿಯಬೇಕು, ಅವಸರ ಮಾಡಬೇಡಿ.

ಇಳಿದ ನೀರನ್ನು ಬಣ್ಣವಿಲ್ಲದ ಗಾಜಿನ ಲೋಟಕ್ಕೆ ಹಿಡಿದು, ನಾಲ್ಕು ಹನಿ ಅಮೋನಿಯ ಹಾಕಿ, ಬಿಳಿ ಹಾಳೆಯ ಮೇಲಿಟ್ಟು ಮೇಲಿನಿಂದ ನೋಡಿ. ನೀಲಿ ಕಂಡರೆ ಇದ್ದಿಲಿನಲ್ಲಿ ತಾಮ್ರ ತುಂಬಿದೆ. ಕಾಣದಿದ್ದರೂ ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಡಿ: ಹೊಳೆ-ಹಳ್ಳಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ತಾಮ್ರ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು.

ತುಂಬಿದ ಇದ್ದಿಲನ್ನು ಎಸೆಯಬೇಡಿ, ಅದರ ತಾಮ್ರವನ್ನು ಆಸಿಡ್ಡಿನಲ್ಲಿ ಬಿಡಿಸಬಹುದು. ಬ್ಯಾಟರಿಯ ಹೊಸ ಆಸಿಡ್ ಒಂದು ಪಾಲು, ನೀರು 50 ಪಾಲು. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರನ್ನಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹಳೆ ಬ್ಯಾಟರಿಯ ಆಸಿಡ್ ಬೇಡವೇ ಬೇಡ, ಅದರಲ್ಲಿ ಸೀಸ ಇರುತ್ತದೆ. ಇದ್ದಿಲನ್ನೂ ಆ ನೀಲಿ ಗಸಿಯನ್ನೂ ಈ ಆಸಿಡ್ ನೀರಿನಲ್ಲಿ ಕೆಲವು ಗಂಟೆ ನೆನೆಸಿ ಕಲಕಿದರೆ ನೀರು ನೀಲಿಯಾಗುತ್ತದೆ. ಅದು ಮತ್ತೆ ಮೈಲುತುತ್ತದ ನೀರೇ! ಮುಂದಿನ ಔಷಧಿಗೆ ಬೆರೆಸಿ, ಸುಣ್ಣ ಸ್ವಲ್ಪ ಹೆಚ್ಚು ಬೇಡುತ್ತದೆ. ಉಜ್ಜಿದ ಕಬ್ಬಿಣದ ಚೂರಿಯನ್ನು ಬೆರೆಸಿದ ಔಷಧಿಯಲ್ಲಿ ಒಂದು ನಿಮಿಷ ಅದ್ದಿ ನೋಡಿ, ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಿ.

ಇದ್ದಿಲನ್ನು ಚೆನ್ನಾಗಿ ತೊಳೆದು ಮತ್ತೆ ಬಕೆಟ್ಟಿಗೆ ಹಾಕಬಹುದು. ಸಲಸಲಕ್ಕೂ ಅದರ ಕಸುವು ಇಳಿಯುತ್ತದೆ. ನಮ್ಮದು ಐದನೇ ಸಲಕ್ಕೆ ಹಿಟ್ಟಾಯಿತು. ಅಂಥದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಸುಡಲೂಬೇಡಿ, ತಾಮ್ರ ಬೂದಿಯಲ್ಲೇ ಉಳಿಯುತ್ತದೆ. ನಾನು ಕೊನೆಯ ಸಲ ಆಸಿಡ್ಡಿನಲ್ಲಿ ತೊಳೆದು, ಸುಣ್ಣದ ನೀರಿನಲ್ಲಿ ಅದ್ದಿ, ಸಿಮೆಂಟಿಗೆ ಬೆರೆಸಿ ಪಂಪ್‌ಶೆಡ್ಡಿನ ಮೆಟ್ಟಿಲಿಗೆ ಹಾಕಿಸಿದೆ.